ಅರ್ಧ ಕೇಳಿದ ಮಾತು

ಆಸ್ಪತ್ರೆ, ಎರಡನೇ ಮಹಡಿ
ಮಾರ್ಚ್ 14, ಗುರುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ನಿನ್ನ ಅಕ್ಕ ಮಾಡುವ ಆಶೀರ್ವಾದ. ಇಲ್ಲಿ ಚಳಿ ಜಾಸ್ತಿ, ದಪ್ಪ ಕೋಟು ಕಳಿಸು ಎಂದು ನೀನು ಬರೆದಿದ್ದ ಕಾಗದಕ್ಕೆ ಇಷ್ಟು ದಿನ ಉತ್ತರ ಕೊಡದೆ ಕೂತಿದ್ದಕ್ಕೆ ಕ್ಷಮಿಸು. ಮೊದಮೊದಲು ಸಿಟ್ಟಿಗೆ ಬರೆಯಲಿಲ್ಲ. ಆಮೇಲೆ ಬರೆಯುವ ಸ್ಥಿತಿಯಲ್ಲಿ ಇರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಾನು ನಿನ್ನ ಹೆಂಡತಿಯ ಮಾತೆತ್ತಿದ ತಕ್ಷಣ ನೀನು ಇಟ್ಟುಬಿಡುತ್ತಿದ್ದೆ. ಈಗ ನಂಬರನ್ನೇ ಬದಲಾಯಿಸಿ ಕೂತಿದ್ದೀಯ. ಅದಕ್ಕೇ ಈ ಕಾಗದ. ಅರ್ಧಕ್ಕೆ ಹರಿದು ಬಿಸಾಡಬೇಡ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಕೇಳುತ್ತಿದ್ದೇನೆ, ಕೊನೆಯವರೆಗೆ ಓದು.

ಸುತ್ತಿ ಬಳಸಿ ಹೇಳುವಷ್ಟು ಹೊತ್ತಿಲ್ಲ. ಅವಳು ಆಸ್ಪತ್ರೆಯಲ್ಲಿದ್ದಾಳೆ. ಹೋದ ವಾರ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ತೊಟ್ಟಿಮನೆಯಲ್ಲಿ ಕುದಿಯುತ್ತಿದ್ದ ನೀಲಿ ಬಣ್ಣದ ತೊಟ್ಟಿಗೆ ಬಿದ್ದಳು. ಪಕ್ಕದ ತೊಟ್ಟಿಯ ಹೆಂಗಸರು ಕಿರುಚಿಕೊಂಡು ಓಡಿಬಂದು, ಬಟ್ಟೆಯ ಥಾನು ಎತ್ತುವ ಕೋಲು ಕೊಟ್ಟು ಎಳೆದುಕೊಂಡರಂತೆ. ಸೊಂಟದಿಂದ ಕೆಳಗೆಲ್ಲ ಸುಟ್ಟಿದೆ, ಎಡಗೈಯೂ ಸುಟ್ಟಿದೆ. ಬ್ಯಾಂಡೇಜಿನ ಅಂಚಿನಲ್ಲಿ ಕಾಣುವ ಚರ್ಮ ಇನ್ನೂ ನೀಲಿಯಾಗಿಯೇ ಇದೆ. ನರ್ಸಮ್ಮ ಒದ್ದೆ ಹತ್ತಿಯಲ್ಲಿ ಮೆಲ್ಲಗೆ ಒರೆಸಿ ನೋಡಿ, "ಇದು ಹೋಗಲ್ಲ ಬಿಡಿ" ಎಂದರು. ನಿನ್ನ ಅಳತೆಯಲ್ಲೇ ಈಗಲೂ ಬೆರೆಸುವ ನೀಲಿ ತಾನೇ ಅದು, ಹೋಗುವುದಾದರೂ ಹೇಗೆ? ನಿನ್ನ ಬಣ್ಣ ಹತ್ತು ಸಲ ಒಗೆದರೂ ಬಿಡುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದವಳು ಅವಳೇ.

ನಿನ್ನೆ ಡಾಕ್ಟರು ನನ್ನನ್ನು ಹೊರಗೆ ಕರೆದು, ನಂಜು ರಕ್ತಕ್ಕೆ ಏರಿದೆ, ಮೂತ್ರಪಿಂಡ ಕೈಕೊಡುತ್ತಿದೆ ಎಂದರು. "ಗಂಡ ಎಲ್ಲಿದಾರೆ? ಕರೆಸೋರಿದ್ರೆ ಬೇಗ ಕರೆಸಿ" ಎಂದರು. ನಾನು ಏನು ಹೇಳಲಿ? ಹೊರಟಿದ್ದಾರೆ, ದಾರಿಯಲ್ಲಿದ್ದಾರೆ ಎಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ನಿಜ ಮಾಡುವುದು ನಿನ್ನ ಕೈಲಿದೆ.

ನಿನಗೆ ಈಗ ಏನನ್ನಿಸುತ್ತದೋ ನನಗೆ ಗೊತ್ತು. ಮಾಡಿದ್ದನ್ನು ಅನುಭವಿಸಲಿ ಎಂದು ಹಲ್ಲು ಕಚ್ಚಿಕೊಳ್ಳುತ್ತೀಯ. ಅವಳು ಏನೂ ಮಾಡಿರಲಿಲ್ಲ ತಮ್ಮಾ. ಏನೂ.

ಕೊಕ್ಕರೆ ಮೊನ್ನೆ ಆಸ್ಪತ್ರೆಗೆ ಬಂದಿದ್ದರು. ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕರಿಗೆ ಆ ಹೆಸರಿಟ್ಟವನು ನೀನೇ; ಬಾಗಿಲಲ್ಲಿ ತಲೆ ತಗ್ಗಿಸಿ ಬರುವ ಅವರ ಉದ್ದ ನೋಡಿ ನೀನು ನಕ್ಕರೆ ಅವರೂ ನಗುತ್ತಿದ್ದರು. ಆಮೇಲೆ ಅದೇ ಮನುಷ್ಯನ ಕಾಲರ್ ಹಿಡಿದು ಒಣಹಾಕುವ ಅಂಗಳದ ತುಂಬ ಎಳೆದಾಡಿದೆ. ಕೆಲಸ ಬಿಟ್ಟು ಹೋದರು ಪಾಪ. ಈಗ ಪಕ್ಕದ ಊರಿನ ಗೋದಾಮಿನಲ್ಲಿದ್ದಾರಂತೆ. ಸುದ್ದಿ ಕೇಳಿ ಬಂದವರು ವಾರ್ಡಿನೊಳಗೆ ಕಾಲಿಡಲಿಲ್ಲ. ಕಾರಿಡಾರಿನಲ್ಲೇ ನಿಂತು, "ನಾನು ಒಳಗೆ ಬಂದ್ರೆ ಮತ್ತೆ ಯಾರಾದ್ರೂ ಏನಾದ್ರೂ ಅಂತಾರೆ, ಬೇಡ ಅಕ್ಕ" ಎಂದರು. ಅಲ್ಲೇ ಬೆಂಚಿನ ಮೇಲೆ ಕೂರಿಸಿ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

ನಿನ್ನವಳಿಗೆ ತೊಟ್ಟಿಮನೆಯಿಂದ ಬಿಡುಗಡೆ ಬೇಕಿತ್ತಂತೆ. ಪ್ಯಾಕಿಂಗಿಗೆ ಹಾಕಿಸಿಕೊಳ್ಳಿ ಎಂದು ಒಂದೆರಡು ಸಲ ಅವರ ಹತ್ತಿರ ಕೇಳಿದ್ದಳಂತೆ. ಘಾಟು ತಡೆಯಲಾಗುತ್ತಿಲ್ಲ, ಕೆಮ್ಮು ಹತ್ತಿದೆ ಎಂದಳಂತೆ. ಆ ಗಲಾಟೆಯ ದಿನ ಮಧ್ಯಾಹ್ನ ನಿನ್ನ ಭಾವ ಕೊಕ್ಕರೆಯ ಹತ್ತಿರ ಹೋಗಿ, "ಒಣಹಾಕೋ ಅಂಗಳಕ್ಕೆ ಸ್ವಲ್ಪ ಹೋಗ್ಬನ್ನಿ, ನನ್ನ ಬಾಮೈದನ ಹೆಂಡ್ತಿ ನಿಮ್ಮ ಹತ್ರ ಏನೋ ಮಾತಾಡ್ಬೇಕಂತೆ" ಎಂದರು. ಅವಳಿಗೂ ಅದನ್ನೇ ತಿರುಗಿಸಿ ಹೇಳಿದರು, ಪ್ಯಾಕಿಂಗಿನವರು ಕರೀತಿದ್ದಾರೆ ಎಂದು. ಆಮೇಲೆ ಬಣ್ಣ ಬೆರೆಸುವ ಕೋಣೆಗೆ ಬಂದು ನಿನ್ನ ಕೈ ಹಿಡಿದು ಕರೆದುಕೊಂಡು ಹೋದವರು ಯಾರು, ನೆನಪು ಮಾಡಿಕೋ. ಸಾಲುಸಾಲಾಗಿ ತೂಗುಬಿಟ್ಟ ಹಸಿ ಥಾನುಗಳ ಹಿಂದೆ ನಿನ್ನನ್ನು ನಿಲ್ಲಿಸಿದವರು ಯಾರು? ನಿನಗೆ ಕಂಡದ್ದು ಬಟ್ಟೆಯ ಕೆಳಗೆ ಇಬ್ಬರ ಕಾಲು. ಕೇಳಿಸಿದ್ದು ಗಾಳಿಗೆ ಬಟ್ಟೆ ಪಟಪಟ ಹೊಡೆದುಕೊಳ್ಳುವುದರ ನಡುವೆ ಎರಡು ಮಾತು. "ನಿಮ್ಮನ್ನ ಬಿಟ್ರೆ ನಂಗ್ಯಾರಿದಾರೆ? ಅವ್ರಿಗೆ ಮಾತ್ರ ಗೊತ್ತಾಗ್ಬಾರ್ದು." ಅಷ್ಟೇ ತಾನೇ? ಅದಕ್ಕೆ ಮುಂಚೆ ಅವಳು "ಸಾರ್, ಹೇಗಾದ್ರೂ ಮಾಡಿ ನನ್ನ ವಿಭಾಗ ಬದಲಾಯ್ಸಿ" ಎಂದದ್ದು ನಿನಗೆ ಕೇಳಿಸಿರಲಿಲ್ಲ. "ನಿಮ್ಮ ಯಜಮಾನ್ರೇ ಬಣ್ಣದ ಮೇಸ್ತ್ರಿ, ಅವರಿಗೇ ಒಂದು ಮಾತು ಹೇಳ್ಬಾರ್ದಾ ತಾಯಿ?" ಎಂದು ಕೊಕ್ಕರೆ ಕೇಳಿದ್ದೂ ಕೇಳಿಸಿರಲಿಲ್ಲ. ನೀನು ಬಟ್ಟೆ ಸರಿಸಿ ಮುಂದೆ ಬಂದೆ. ಅಷ್ಟು ಜನರ ಎದುರು ಅವಳ ಕೆನ್ನೆಗೆ ಹೊಡೆದೆ.

ಅದಕ್ಕೂ ಮುಂಚೆ ವಾರಗಟ್ಟಲೆ ನಿನ್ನ ಭಾವ ನಿನ್ನ ಕಿವಿಯಲ್ಲಿ ಏನೇನು ಸುರಿದಿದ್ದರೋ ನನಗೆ ಗೊತ್ತಿಲ್ಲ. "ಹೇಳ್ಬಾರ್ದು, ಆದ್ರೂ ನಿನ್ನ ಅಕ್ಕನ ಗಂಡನಾಗಿ ಸುಮ್ಮನಿರೋಕಾಗಲ್ಲ" ಎಂದೇ ಶುರು ಮಾಡುತ್ತಿದ್ದರು ಎಂದು ಆ ದಿನ ನೀನೇ ನನ್ನೆದುರು ಕೂಗಾಡಿದ್ದೆ. ಹೇಳಿ ಸುಮ್ಮನಾಗುತ್ತಿದ್ದರಂತೆ, ನೀನೇ ಬಾಯಿ ಬಿಡಿಸಿ ಕೇಳಬೇಕಿತ್ತಂತೆ. ಬೇಡ ಬೇಡ ಎನ್ನುತ್ತಲೇ ನಿನಗೆ ವಿಷ ಕುಡಿಸಿದರು. ನೀನು ತಣ್ಣಗೆ ಕುಡಿದೆ. ಕುಡಿಯುವ ಮುಂಚೆ ಒಂದೇ ಒಂದು ಸಲ ಅವಳನ್ನು ಎದುರು ಕೂರಿಸಿಕೊಂಡು, ಇದೇನು ಎಂದು ಕೇಳಬಾರದಿತ್ತೇ? ಕೋರ್ಟಿನಲ್ಲಿ ಕಳ್ಳನನ್ನೂ ಕೇಳುತ್ತಾರಲ್ಲ ತಮ್ಮಾ.

ಕೊಕ್ಕರೆಯ ಮಾತು ಕೇಳಿ ನಾನು ನೇರ ಮನೆಗೆ ಹೋದೆ. ನಿನ್ನ ಭಾವ ಊಟಕ್ಕೆ ಬಂದಿದ್ದರು. ಬಡಿಸುತ್ತ ಬಡಿಸುತ್ತಲೇ ಕೇಳಿದೆ.

"ನಿಂಗೆ ತಲೆ ಕೆಟ್ಟಿದ್ಯಾ? ಆ ಉದ್ದದ ಬಡವ ಏನೋ ಹೇಳ್ದ ಅಂತ ಗಂಡನ್ನ ವಿಚಾರಣೆ ಮಾಡ್ತೀಯಾ?" ಎಂದರು.

"ಅವರಿಬ್ಬರನ್ನೂ ಅಲ್ಲಿಗೆ ಕಳಿಸಿದ್ದು ನೀವೇ ಅಲ್ವಾ? ಅಷ್ಟು ಹೇಳಿ ಸಾಕು" ಎಂದೆ.

ತಟ್ಟೆ ಸರಿಸಿದರು. ತಟ್ಟೆಯಲ್ಲೇ ಕೈ ತೊಳೆದರು. ಆಮೇಲೆ, "ಹೌದು, ಮಾಡ್ದೆ. ನಾನು ಕೆಲಸ ಕೊಡಿಸಿದ ಹುಡುಗ ನನ್ನ ತಲೆ ಮೇಲೇ ಮೇಸ್ತ್ರಿಯಾಗಿ ಕೂತ. ಅವನ ಹತ್ರ ನಾನು ಕೈಕಟ್ಟಿ ನಿಲ್ಬೇಕಾಯ್ತು. ನಂಗೂ ಹೊಟ್ಟೆ ಉರಿಯಲ್ವಾ? ಇಬ್ರೂ ಸ್ವಲ್ಪ ಕಿತ್ತಾಡ್ಕೊಳ್ಲಿ ಅಂತ ಮಾಡಿದ್ದು. ಇಷ್ಟಾಗತ್ತೆ ಅಂತ ಯಾರಿಗ್ಗೊತ್ತಿತ್ತು?" ಎಂದರು. ಹೇಳಿ ಅತ್ತರು. ಮದುವೆಯಾದ ಹನ್ನೆರಡು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಆ ಮನುಷ್ಯನನ್ನು ಏನು ಮಾಡಲಿ? ಈ ಬೆಳಿಗ್ಗೆಯೂ ಅವರಿಗೆ ಬುತ್ತಿ ಕಟ್ಟಿಕೊಟ್ಟು ಬಂದಿದ್ದೇನೆ. ಕೈ ತನ್ನಷ್ಟಕ್ಕೆ ಕಟ್ಟಿತು. ನೀನು ಬಂದಾಗ ಬಾಯಿಗೆ ಬಂದ ಹಾಗೆ ಬೈಯಿ, ನಾನು ತಡೆಯುವುದಿಲ್ಲ. ಆದರೆ ಕೈ ಮಾಡಬೇಡ. ಪಾಪಿಯೇ ಇರಬಹುದು, ಆದರೂ ನನಗಿರುವುದು ಅದೊಂದೇ ಮನೆ. ಸಾಧ್ಯವಾದರೆ ಒಂದು ದಿನ ಅವರನ್ನು ಕ್ಷಮಿಸು.

ಇನ್ನು ಅವಳ ವಿಷಯ. ನೀನು ಊರು ಬಿಟ್ಟು ಹೋದ ಮೇಲೆ ಅವಳು ನಿಮ್ಮ ಬಾಡಿಗೆ ಕೋಣೆಯಲ್ಲೇ ಇದ್ದಳು. ನನ್ನ ಜೊತೆಗೆ ಬಾ, ನಮ್ಮ ಮನೆಯಲ್ಲಿರು ಎಂದು ಎಷ್ಟು ಕರೆದೆನೋ. ಎಷ್ಟು ಬೇಡಿಕೊಂಡರೂ ಬರಲಿಲ್ಲ. "ಅವ್ರು ಬಂದಾಗ ಬೀಗ ನೋಡ್ಕೊಂಡು ವಾಪಸ್ ಹೋಗ್ಬಿಟ್ರೆ, ಅತ್ತಿಗೆ?" ಎಂದಳು. ನಿನ್ನ ವಕೀಲರ ವಿಚ್ಛೇದನದ ನೋಟೀಸು ಬಂದ ದಿನ ನಾನೇ ಹೋಗಿದ್ದೆ. ಓದಿದಳು. ಮಡಚಿ ಮೂಲೆಯಲ್ಲಿಟ್ಟು, ನನಗೆ ಟೀ ಮಾಡಿಕೊಟ್ಟಳು. ಸಕ್ಕರೆ ಹಾಕುವುದನ್ನು ಮರೆತಿದ್ದಳು, ನಾನೂ ಸುಮ್ಮನೆ ಕುಡಿದೆ. ಕೆಲಸ ಬಿಡು ಎಂದರೆ, ಬಿಟ್ಟರೆ ಕೋಣೆಯ ಬಾಡಿಗೆ ಯಾರು ಕಟ್ಟುತ್ತಾರೆ ಎಂದಳು. ಕೊಕ್ಕರೆ ಹೋದ ಮೇಲೆ ಪ್ಯಾಕಿಂಗಿನ ಮಾತು ಅಲ್ಲಿಗೇ ನಿಂತಿತ್ತು. ಅದೇ ತೊಟ್ಟಿಮನೆ, ಅದೇ ಘಾಟು.

ಬಿದ್ದ ದಿನ ಜನ ಬಾಯಿಗೆ ಬಂದಂತೆ ಮಾತಾಡಿದರು. ಹಲಗೆ ಒದ್ದೆಯಾಗಿತ್ತು, ಜಾರಿದಳು ಎಂದರು ಕೆಲವರು. ಗಂಡ ಬಿಟ್ಟವಳು, ಬೇಕೆಂದೇ ಹಾರಿದಳು ಎಂದರು ಕೆಲವರು. ನನಗೂ ಆ ಭಯ ಎದೆಯಲ್ಲಿ ಕೂತಿದೆ. ಕೇಳಿದರೆ "ಕಾಲು ಜಾರ್ತು" ಎನ್ನುತ್ತಾಳೆ, ಗೋಡೆ ನೋಡುತ್ತಾಳೆ.

ಜ್ವರ ಇಳಿದಾಗ ಮಾತಾಡುತ್ತಾಳೆ. ನಿನಗೆ ತಿಳಿಸಬೇಡಿ ಎನ್ನುತ್ತಾಳೆ. ಏಕೆ ಗೊತ್ತೇ? "ಹೊಸ ಕೆಲಸ, ರಜೆ ಕೊಡಲ್ಲ. ಅವ್ರು ಕೆಲಸ ಬಿಟ್ಟು ಓಡಿ ಬಂದ್ಬಿಡ್ತಾರೆ." ನೀನು ಓಡಿ ಬರುತ್ತೀಯ ಎಂಬುದರಲ್ಲಿ ಅವಳಿಗೆ ಇನ್ನೂ ಅನುಮಾನವೇ ಇಲ್ಲ. ಅವಳ ಆ ನಂಬಿಕೆ ನೋಡಿ ನಾನು ಎದ್ದು ಹೊರಗೆ ಬಂದೆ, ಎದುರು ಕೂರಲಾಗಲಿಲ್ಲ.

ಈ ಕಾಗದ ತರುವವರು ಕೊಕ್ಕರೆಯೇ. ಅಂಚೆಗೆ ಹಾಕಿದರೆ ಯಾವಾಗ ತಲುಪುತ್ತದೋ ಎಂದು ತಾವೇ ಹೊರಟಿದ್ದಾರೆ. "ಅವ್ರು ಬಾಗಿಲು ಹಾಕಿದ್ರೆ ಬಾಗಿಲ ಕೆಳಗಿಂದ ತಳ್ತೀನಿ, ಹೊಡೆದ್ರೆ ಹೊಡೆಸ್ಕೋತೀನಿ" ಎಂದಿದ್ದಾರೆ. ಹೊಡೆಯಬೇಡ ತಮ್ಮಾ. ಅವರ ಜೊತೆಗೇ ಬಸ್ಸು ಹತ್ತು. ಬಟ್ಟೆ ತುಂಬಿಕೊಳ್ಳುತ್ತ ಕೂರಬೇಡ, ಉಟ್ಟ ಬಟ್ಟೆಯಲ್ಲೇ ಬಾ. ಬಂದು ಅವಳ ಬಲಗೈ ಹಿಡಿದುಕೋ, ಎಡಗೈ ಮುಟ್ಟಬೇಡ. ತಪ್ಪಾಯಿತು ಎಂದು ಉದ್ದ ಭಾಷಣ ಬೇಡ. ಬಂದೆ ಎನ್ನು, ಸಾಕು.

ದೇವರು ನಿನ್ನ ದಾರಿ ಹತ್ತಿರ ಮಾಡಲಿ. ಅವಳ ಉಸಿರು ನೀನು ಬರುವವರೆಗಾದರೂ ಗಟ್ಟಿಯಾಗಿರಲಿ. ನಿಮ್ಮಿಬ್ಬರನ್ನೂ ಒಟ್ಟಿಗೆ ನೋಡುವ ಭಾಗ್ಯ ನನ್ನ ಕಣ್ಣಿಗೆ ಇರಲಿ. ನೀನು ಏನೇ ಮಾಡಿದ್ದರೂ ನನ್ನ ಕೂಸೇ. ಚೆನ್ನಾಗಿರು.

ನಿನ್ನ
ಅಕ್ಕ

ಮರೆತ ಮಾತು: ಅಲ್ಲ, ಮರೆತದ್ದಲ್ಲ, ಈಗ ಗೊತ್ತಾದದ್ದು. ಕೊಕ್ಕರೆ ಕೆಳಗೆ ಕಾಯುತ್ತಿದ್ದಾರೆ. ಕವರಿಗೆ ಅಂಟು ಹಚ್ಚುತ್ತಿದ್ದೆ, ಅಷ್ಟರಲ್ಲಿ ನಿನ್ನ ಭಾವ ಹಣ್ಣಿನ ಚೀಲ ಹಿಡಿದು ವಾರ್ಡಿಗೆ ಬಂದ. ಮಂಚದ ಹತ್ತಿರ ಬಂದು "ಹೇಗಿದೀಯಮ್ಮಾ?" ಎಂದ. ಮೂರು ದಿನದಿಂದ ಬೆರಳೂ ಅಲ್ಲಾಡಿಸದವಳು, ಆ ಸುಟ್ಟ ಕೈಯಲ್ಲೇ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ನಾನು ಅವನ ಮುಖ ನೋಡಿದೆ. ಚೀಲ ಅಲ್ಲೇ ಇಟ್ಟು ಹೋಗಿಬಿಟ್ಟ.

ಬಾಗಿಲು ಹಾಕಿ ಬಂದು ಅವಳ ಕಿವಿಯ ಹತ್ತಿರ ಕೂತೆ. "ಇನ್ನೂ ನನ್ನಿಂದ ಮುಚ್ಚಿಟ್ರೆ ನನ್ನಾಣೆ" ಎಂದೆ. ಹೇಳಿದಳು. ಘಾಟೂ ಅಲ್ಲ, ಕೆಮ್ಮೂ ಅಲ್ಲ. ನೀನು ಮೇಸ್ತ್ರಿಯಾಗುವುದಕ್ಕೆ ಎಷ್ಟೋ ಮುಂಚಿನಿಂದ ಅವನು ಅವಳ ಹಿಂದೆ ಬಿದ್ದಿದ್ದ. ತನ್ನನ್ನು ಅಣ್ಣ ಎಂದು ಕರೆಯುತ್ತಿದ್ದ ಹುಡುಗಿಯ ಹಿಂದೆ. ಮೈ ಮುಟ್ಟಿದರೆ ಕೂಗಿಕೊಳ್ಳುತ್ತೇನೆ ಎಂದು ಅವಳು ಹೆದರಿಸಿದ ಮೇಲೆಯೇ ಅವನು ನಿನ್ನ ಕಿವಿಗೆ ವಿಷ ಸುರಿಯಲು ಬಂದದ್ದು. ತನಗೆ ಸಿಗದವಳು ನಿನಗೂ ಇರಬಾರದು ಎಂದು. ಮೇಸ್ತ್ರಿ ಕೆಲಸದ ಹೊಟ್ಟೆಕಿಚ್ಚಿನ ಮಾತೆಲ್ಲ ನನ್ನ ಮುಂದೆ ಅತ್ತು ತೋರಿಸಲಿಕ್ಕೆ, ಅಷ್ಟೇ.

ಬಿದ್ದ ದಿನ ಹಬೆಯ ಮರೆಯಲ್ಲಿ ತೊಟ್ಟಿಯ ಹತ್ತಿರ ಒಬ್ಬಳೇ ನಿಂತಿದ್ದಳಂತೆ. ಹಲಗೆಯ ಮೇಲೆ ಅವನು ಹಿಂದಿನಿಂದ ಬಂದ. "ಈಗ ಯಾರಿದಾನೆ ನಿಂಗೆ?" ಎಂದು ಕೈ ಚಾಚಿದ. ಅವಳು ಜಾರಲಿಲ್ಲ ತಮ್ಮಾ, ಹಾರಲೂ ಇಲ್ಲ. ಅವನ ಕೈಗೆ ಸಿಗಬಾರದೆಂದು ಹಿಂದಕ್ಕೆ ಸರಿದಳು.

"ನನ್ನ ತಮ್ಮನಿಗಾದ್ರೂ ಯಾಕೆ ಹೇಳ್ಲಿಲ್ಲ? ನಂಗಾದ್ರೂ ಯಾಕೆ ಹೇಳ್ಲಿಲ್ಲ ನೀನು?" ಎಂದು ಬಡಕೊಂಡೆ.

"ಅವ್ರಿಗೆ ಹೇಳಿದ್ರೆ ಕೊಂದು ಜೈಲಿಗೆ ಹೋಗ್ತಿದ್ರು. ನಿಮಗೆ ಹೇಳಿದ್ರೆ... ನಿಮಗೆ ಇರೋದು ಅದೊಂದೇ ಮನೆ ಅಲ್ವಾ ಅತ್ತಿಗೆ" ಎಂದಳು.

ಅವನನ್ನು ಕ್ಷಮಿಸು ಎಂದು ಮೇಲೆ ಬರೆದದ್ದನ್ನು ಓದಬೇಡ. ಹೊಸದಾಗಿ ಬರೆಯಲು ಹೊತ್ತಿಲ್ಲ. ಬೇಗ ಬಾ.