ಅವ್ವನ ಗಿರಣಿ, ನನ್ನ ಮದರ್‌ಬೋರ್ಡ್

ಪ್ರೀತಿಯ ಅವ್ವಾ,

ಕೊನೆಯ ಸಲ ಸೊರಬಕ್ಕೆ ಬಂದಾಗ ನನ್ನ ಹಳೆಯ ಕಂಪ್ಯೂಟರಿನ ಮುಂದೆ ಕೂತು ನೀನು ಕೇಳಿದ ಮೊದಲ ಪ್ರಶ್ನೆ ನೆನಪಿದೆಯೇ? "ಇದ್ರ ಪುಲ್ಲಿ ಎಲ್ಲೈತೆ?" ಎಂದಿದ್ದೆ. ನಿನ್ನ ಅಳಿಯಂದಿರು, ನಮ್ಮ ಯಜಮಾನರು, ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡರು. ನೀನು ಮಾತ್ರ ನಗಲಿಲ್ಲ. ಡಬ್ಬದ ಹಿಂದೆ ಕೈಯಿಟ್ಟು, "ಬಿಸಿ ಬರ್ತೈತೆ. ಅಂದ್ಮೇಲೆ ಒಳಗೆ ಏನೋ ತಿರುಗ್ತೈತೆ" ಎಂದು ತೀರ್ಪು ಕೊಟ್ಟೆ. ಆವತ್ತು ನಾನೂ ನಕ್ಕಿದ್ದೆ. ಈಗ ಕೇಳು: ಪುಲ್ಲಿ ಸಿಕ್ಕಿತು ಅವ್ವಾ.

ಶಿಕಾರಿಪುರದಲ್ಲಿ ಸಂತೆಯ ದಿನ ನಮ್ಮ ಗಿರಣಿಯ ಬಾಗಿಲಿಂದ ರಸ್ತೆಯವರೆಗೆ ಡಬ್ಬಿಗಳು ಸಾಲುಗಟ್ಟಿರುತ್ತಿದ್ದವು. ಒಂದು ಸಲ ಯಾರದೋ ಆಳು ಜೋಳದ ಚೀಲ ಹೊತ್ತು ನುಗ್ಗಿ, "ಸಾವ್ಕಾರ್ರ ಮನೇದು, ಮೊದ್ಲು ಹಾಕವ್ವ" ಅಂದ. ನೀನು ತಲೆ ಕೂಡ ಎತ್ತದೆ "ಪಾಳಿ ರೀ, ಪಾಳಿ" ಎಂದೆ. ಆ ಸಾಲು ಬೇಗ ಕರಗಲೆಂದೇ ಅಲ್ಲವೇ ನೀನು ಮೋಟರಿಗೆ, ಬೆಲ್ಟು ಓಡುವ ಆ ಗಾಲಿಯ ಜಾಗಕ್ಕೆ, ದೊಡ್ಡ ಪುಲ್ಲಿ ಹಾಕಿಸಿದ್ದು? ಅದೇ ಮೋಟರು, ಅದೇ ಕಲ್ಲು, ಆದರೆ ತಿರುಗುವ ರಭಸ ಬೇರೆ. ಅಲ್ಲಿಂದಾಚೆ ನಿನ್ನ ಎಡಗೈ ಸದಾ ಬೀಳುವ ಹಿಟ್ಟಿನ ಕೆಳಗೇ ಇರುತ್ತಿತ್ತು. "ಹಿಟ್ಟು ಸುಟ್ರೆ ಜಿಗಿ ಹೋಗ್ತೈತೆ, ರೊಟ್ಟಿ ಹರಿತೈತೆ. ಜನ ಬೈಯೋದು ಗಿರಣೀನಲ್ಲ, ನನ್ನ" ಅನ್ನುತ್ತಿದ್ದೆ. ಕೈಗೆ ಬಿಸಿ ತಗುಲಿದರೆ ಕಾಳು ಕಡಿಮೆ ಬಿಡುತ್ತಿದ್ದೆ, ಅಷ್ಟೇ.

ನೀನು ನಮ್ಮನ್ನೆಲ್ಲ ಅಗಲಿ ಹೋದ ಮೇಲೆ ಒಂದು ದಿನ, ಮನೆಯ ಯಜಮಾನಿಕೆ ನಡೆಸುವ ಭಾವನವರು ಅಂಗಡಿ ಮಗ್ಗುಲಿನ ನನ್ನ ಡಿಟಿಪಿ ಕೋಣೆಯ ಬಾಗಿಲಲ್ಲಿ ನಿಂತು ಗೋಡೆ ಅಳೆಯತೊಡಗಿದರು. ಮದುವೆ ಕಾರ್ಡು, ಕರಪತ್ರ ಮಾಡಿಕೊಂಡಿದ್ದ ನನ್ನ ಕೋಣೆ ಅವರಿಗೆ ಸಿಮೆಂಟ್ ಏಜೆನ್ಸಿಗೆ ಬೇಕಾಗಿತ್ತು. ಅದೇ ಹೊತ್ತಿಗೆ ಹಾಲಿನ ಸೊಸೈಟಿಯವರು ತಮ್ಮ ಸ್ಮರಣ ಸಂಚಿಕೆಯನ್ನು ನನ್ನ ಕೈಗೆ ಕೊಟ್ಟಿದ್ದರು. ಪುಟಪುಟಕ್ಕೂ ಫೋಟೋ: ಬಳ್ಳಿಗಾವಿಯ ಗುಡಿ, ಗುಡವಿಯ ಹಕ್ಕಿ, ಸನ್ಮಾನದ ಶಾಲು ಹೊದ್ದ ಅಧ್ಯಕ್ಷರು. ನನ್ನ ಹಳೆಯ ಯಂತ್ರದಲ್ಲಿ ಒಂದು ಗುಡಿ ತೆರೆದುಕೊಳ್ಳುವಷ್ಟರಲ್ಲಿ ಚಹಾ ಕಾಸಿ, ಕುಡಿದು, ಲೋಟ ತೊಳೆದಿಡಬಹುದಿತ್ತು. "ನೋಡಮ್ಮ, ಸಂಚಿಕೆ ಹೊತ್ತಿಗೆ ಸರಿಯಾಗಿ ಆದ್ರೆ ಕೋಣೆ ನಿಂದೇ. ಆಗ್ಲಿಲ್ಲ ಅಂದ್ರೆ ಬಿಟ್ಕೊಡ್ಬೇಕಾಗ್ತದೆ" ಎಂದರು ಭಾವ. ನಾನು "ಆಗಲಿ" ಎಂದುಬಿಟ್ಟೆ. ಯಾವ ಧೈರ್ಯದ ಮೇಲೆ ಅಂತ ಕೇಳಬೇಡ...

ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಕೊಂಡ ಕಂಪ್ಯೂಟರ್ ಪತ್ರಿಕೆಯೊಂದನ್ನು ಓದುತ್ತಾ ಒಂದು ಮಧ್ಯಾಹ್ನ ನಾನು ಕೂತಲ್ಲೇ ಎದ್ದು ನಿಂತೆ. ಕಂಪ್ಯೂಟರಿನ ಬುದ್ಧಿಯೆಲ್ಲ ಇರುವುದು ಚಿಪ್ಪಿನಲ್ಲಿ. ಆ ಚಿಪ್ಪು ಕೂರುವ ಹಲಗೆಯೇ ಮದರ್‌ಬೋರ್ಡು. ಅಗ್ಗದ್ದೊಂದು ಚಿಪ್ಪಿದೆ, ಅದರ ಮೇಲೆ ವೇಗ ಮುನ್ನೂರು ಮೆಗಾಹರ್ಟ್ಸ್ ಎಂದು ಬರೆದಿರುತ್ತದೆ, ಆದರೆ ಬೋರ್ಡಿನ ವೇಗ ಏರಿಸಿದರೆ ನಾನೂರೈವತ್ತಕ್ಕೆ ಓಡುತ್ತದಂತೆ. ಚಿಪ್ಪಿನ ಕಡೆಯದು ಏನನ್ನೂ ಬದಲಿಸಲಾಗದು, ಅದು ಕಲ್ಲಿಗೆ ಬೆಸುಗೆ ಹಾಕಿದ ಪುಲ್ಲಿ. ಬದಲಿಸಬಹುದಾದದ್ದು ಬೋರ್ಡಿನ ಕಡೆಯದು. ಮೋಟರಿನ ಪುಲ್ಲಿ! ನಿನ್ನನ್ನು ಕೂಗಿ ಕರೆಯಬೇಕೆನಿಸಿತು. ಯಾರನ್ನು ಕರೆಯಲಿ?

ಶಿವಮೊಗ್ಗದ ಅಂಗಡಿಗೆ ಹೋದ ದಿನ ಅಂಗಡಿಯವನು ನನ್ನನ್ನು ಬಿಟ್ಟು ನಿನ್ನ ಅಳಿಯಂದಿರ ಕಡೆಗೇ ತಿರುಗಿ ಮಾತಾಡಿದ. "ನನ್ನ ಕೇಳ್ಬೇಡಿ ಮಾರಾಯ್ರೆ, ನಾನು ಚೀಲ ಹೊರೋಕೆ ಬಂದೋನು" ಎಂದರು ಇವರು. ಆಮೇಲೆ ಅವನು ಬಣ್ಣಬಣ್ಣದ ಪೆಟ್ಟಿಗೆಯ ಬೋರ್ಡೊಂದನ್ನು ನನ್ನ ಮುಂದಿಟ್ಟ. "ಸೌಂಡು, ಡಿಸ್‌ಪ್ಲೇ ಎಲ್ಲಾ ಇದ್ರಲ್ಲೇ ಬಂತು ಮೇಡಮ್." "ಇದ್ರ ವೇಗ ಏರಿಸ್ಬೋದಾ?" ಅಂದೆ. ಅವನ ಮುಖ ಸಣ್ಣದಾಯಿತು. ಮೂಲೆಯಲ್ಲಿ ಮಣ್ಣಿನ ಬಣ್ಣದ ಪೆಟ್ಟಿಗೆಯಲ್ಲಿ ಇನ್ನೊಂದಿತ್ತು. ಅದರಲ್ಲಿ ಪುಕ್ಕಟೆ ಸೌಂಡೂ ಇಲ್ಲ, ಎಂಥದೂ ಇಲ್ಲ. ಆದರೆ ವೇಗ ಏರಿಸುವ ಅನುಕೂಲವಿತ್ತು. ಜೊತೆಗೆ ಸಾಸಿವೆ ಕಾಳಿನಷ್ಟು ಸಣ್ಣ ಗುಂಡೊಂದು ತಂತಿಯ ತುದಿಯಲ್ಲಿತ್ತು. ಅದು ಚಿಪ್ಪಿನ ಬೆನ್ನಿಗೆ ತಾಗಿಕೊಂಡು ಬಿಸಿ ನೋಡುತ್ತದೆ, ಬಿಸಿ ಮೀರಿದರೆ ಕೂಗುತ್ತದೆ ಎಂದು ಪುಸ್ತಿಕೆಯಲ್ಲಿ ಬರೆದಿತ್ತು. ನನಗೆ ಕಂಡದ್ದು ಹಿಟ್ಟಿನ ಕೆಳಗಿದ್ದ ನಿನ್ನ ಎಡಗೈ. "ಇದನ್ನೇ ಕೊಡ್ರಿ" ಎಂದೆ. "ಸುಟ್ಟುಹೋದ್ರೆ ನಾನು ಜವಾಬ್ದಾರನಲ್ಲ" ಎಂದ ಅವನು. ಸುಡುವುದು ಯಾವುದು, ಸುಡದಿರುವುದು ಯಾವುದು ಎಂದು ನನಗೆ ಹೇಳಿಕೊಡಲು ಬಂದಿದ್ದ!

ಬಿಡಿಭಾಗಗಳನ್ನೆಲ್ಲ ಜೋಡಿಸಿ ಮೊದಲ ಸಲ ವೇಗ ಏರಿಸಿದೆ. ಪರದೆಯ ಮೇಲೆ ನಾನೂರೈವತ್ತು ಎಂಬ ಅಂಕಿ ಮೂಡಿತು ನೋಡು, ನನಗೆ ಮೀಸೆಯಿದ್ದಿದ್ದರೆ ತಿರುವಿಕೊಳ್ಳುತ್ತಿದ್ದೆ. ಬಳ್ಳಿಗಾವಿಯ ಗುಡಿ ಚಹಾಕ್ಕೆ ನೀರಿಡುವಷ್ಟರಲ್ಲಿ ಎದುರು ನಿಂತಿತು. ಗಾಳಿಯಾಡಲಿ ಎಂದು ಯಂತ್ರದ ಪಕ್ಕದ ಮುಚ್ಚಳ ತೆಗೆದೇ ಇಟ್ಟಿದ್ದೆ. ಎಡವಟ್ಟಾದದ್ದು ಅಲ್ಲೇ.

ಅಮಾವಾಸ್ಯೆಯ ಬೆಳಿಗ್ಗೆ ಅತ್ತೆ ಅಂಗಡಿ ಪೂಜೆಗೆ ಬಂದರು. ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ ಪೂಜೆ ಮಾಡುವ ಮನೆಯಲ್ಲಿ ಹೊಸ ಯಂತ್ರವನ್ನು ಬಿಟ್ಟಾರೆಯೇ? ಊದುಬತ್ತಿ ಬೆಳಗಿ, ವಿಭೂತಿ ಹಚ್ಚಿ, ತೆರೆದಿದ್ದ ಕಡೆಯಿಂದಲೇ ಕೈ ಹಾಕಿ ಚಿಪ್ಪಿನ ಫ್ಯಾನಿನ ನೆತ್ತಿಯ ಮೇಲೆ ಒಂದು ಸೇವಂತಿಗೆ ಏರಿಸಿದರು. ನಾನು ನೋಡಿದೆ. ತೆಗೆಯಲು ಮನಸ್ಸು ಬರಲಿಲ್ಲ. ನೀನೂ ಹೂವೇರಿಸದೆ ಎಂದಾದರೂ ಮೋಟರು ಚಾಲೂ ಮಾಡಿದ್ದುಂಟೇ? ಅಧ್ಯಕ್ಷರ ಫೋಟೋ ಕೂರಿಸುತ್ತಿದ್ದಾಗ ಯಂತ್ರ ಪೀಂ ಪೀಂ ಎಂದು ಕೂಗತೊಡಗಿತು, ಪರದೆ ಹಾಗೇ ಕಲ್ಲಾಯಿತು. ಸದ್ದಿಗೆ ಭಾವ ಓಡಿಬಂದರು. "ನಾ ಆವತ್ತೇ ಹೇಳಿದ್ದೆ. ಅಷ್ಟು ಜೋರಾಗಿ ಓಡ್ಸಿದ್ರೆ ಸುಡದೇ ಇರ್ತದಾ?" ಎಂದರು. ಮುಗಿಯಿತು ಎಂದುಕೊಂಡೆ. ಕೋಣೆ ಹೋಯಿತು, ಸಂಚಿಕೆ ಹೋಯಿತು, ಸೊರಬದಲ್ಲಿ ನನ್ನ ಮಾತಿನ ಬೆಲೆಯೂ...

ಆಗ ನೀನು ಮಾಡುತ್ತಿದ್ದದ್ದನ್ನೇ ಮಾಡಿದೆ. ಕರೆಂಟು ತೆಗೆದು ಅಂಗೈ ಒಳಗಿಟ್ಟೆ. ಚಿಪ್ಪಿನ ಸುತ್ತ ಕೈ ಇಡಲಾರದಷ್ಟು ಬಿಸಿ, ಬೋರ್ಡಿನ ಉಳಿದ ಭಾಗವೆಲ್ಲ ತಣ್ಣಗೆ. ವೇಗದ ಬಿಸಿಯಾಗಿದ್ದರೆ ಮೊದಲ ದಿನದಿಂದಲೇ ಇರಬೇಕಿತ್ತಲ್ಲ? ಬಗ್ಗಿ ನೋಡಿದರೆ ಸೇವಂತಿಗೆ ಜಾರಿ, ತೊಟ್ಟು ಫ್ಯಾನಿನ ರೆಕ್ಕೆಗೆ ಸಿಕ್ಕಿಕೊಂಡಿತ್ತು. ಚಿಮಟ ತಂದು ಕಿತ್ತೆ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು, "ಅಯ್ಯೋ, ನನ್ ಕೈಯಾರೆ ಹಿಂಗಾಯ್ತಲ್ಲೇ" ಎಂದು ಕಣ್ಣು ತುಂಬಿಕೊಂಡರು. "ಏನೂ ಆಗಿಲ್ಲ ಅತ್ತೆ. ಕೂಗಿ ಹೇಳ್ತಲ್ಲ, ಅದಕ್ಕೇ ಉಳೀತು. ಮುಂದಿನ ಅಮಾಸಿಯಿಂದ ಹೂವು ಮುಚ್ಚಳದ ಮೇಲೆ" ಎಂದೆ. ಬಣ್ಣದ ಪೆಟ್ಟಿಗೆಯ ಬೋರ್ಡಿನಲ್ಲಿ ಈ ಕೂಗು ಇರಲೇ ಇಲ್ಲ ಅವ್ವಾ.

ತಣ್ಣಗಾಗುವವರೆಗೆ ಕಾದು ಮತ್ತೆ ಚಾಲೂ ಮಾಡಿದಾಗ ಭಾವ ಇನ್ನೂ ಅಲ್ಲೇ ನಿಂತಿದ್ದರು. "ಸ್ವಲ್ಪ ಇಳಿಸ್ಕೋ, ಯಾಕೆ ಬೇಕು" ಎಂದರು. ನಾನು ಇಳಿಸಲಿಲ್ಲ. ಅದೇ ನಾನೂರೈವತ್ತು. ಕೈಯಿಟ್ಟೆ, ಕೂಸಿಗೆ ಹೊಯ್ಯುವ ನೀರಿನ ಹದದ ಬಿಸಿ. ಸಂಚಿಕೆ ಹೊತ್ತಿಗೆ ಮುಂಚೆಯೇ ಮುಗಿದು ಮುದ್ರಣಕ್ಕೆ ಹೋಯಿತು. ಸಮಾರಂಭದಲ್ಲಿ ಅಧ್ಯಕ್ಷರು ಭಾಷಣ ಮರೆತು ತಮ್ಮ ಫೋಟೋವನ್ನೇ ತಿರುಗಿಸಿ ಮುರುಗಿಸಿ ನೋಡುತ್ತಾ ಕೂತಿದ್ದರು. ಕೋಣೆ ನನ್ನದಾಯಿತು. ಮಾತಿಗೆ ತಪ್ಪದೆ ಭಾವ ತಮ್ಮ ಏಜೆನ್ಸಿಯನ್ನು ಬೇರೆ ಕಡೆ ತೆರೆದರು. ಅಷ್ಟರಮಟ್ಟಿಗೆ ದೊಡ್ಡ ಮನುಷ್ಯ.

ನಿನ್ನೆಯದನ್ನು ಹೇಳಲೆಂದೇ ಇಷ್ಟೆಲ್ಲ ಬರೆದೆ. ಕೋಣೆಯ ತುಂಬ ಜನ. ಜಡೆ ಊರಿನಿಂದ ಮದುವೆ ಕಾರ್ಡಿಗೆ ಬಂದವರು, ಸ್ಕೂಲಿನ ಪ್ರಶ್ನೆಪತ್ರಿಕೆ ಹಿಡಿದ ಮೇಷ್ಟರು. ಅಷ್ಟರಲ್ಲಿ ಭಾವ ದಾಪುಗಾಲಿಕ್ಕಿ ಬಂದು ಎಲ್ಲರ ತಲೆಯ ಮೇಲಿಂದ ಒಂದು ಕಾಗದ ಚಾಚಿದರು. ಏಜೆನ್ಸಿಯ ಲೆಟರ್‌ಹೆಡ್ಡು. "ಮೊದ್ಲು ಇದೊಂದು ಮಾಡ್ಕೊಡಮ್ಮ, ಲಾರಿ ನಿಂತದೆ." ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ಎಡಗೈ ಯಂತ್ರದ ಮೇಲೇ ಇತ್ತು. ಬಾಯಿಂದ ತಾನಾಗೇ ಬಂತು: "ಪಾಳಿ ರೀ ಭಾವ, ಪಾಳಿ."

ಒಳಗಡೆ ನಿನ್ನ ಅಳಿಯಂದಿರಿಗೆ ಮತ್ತೆ ಕೆಮ್ಮು ಹತ್ತಿತು. ಭಾವ ನನ್ನನ್ನು ನೋಡಿದರು, ಬೆಂಚು ನೋಡಿದರು. ಜಡೆಯವರು ಸರಿದು ಜಾಗ ಬಿಟ್ಟರು.

ಅವ್ವಾ, ಅವರು ಕೂತರು!

ನಿನ್ನ ಮಗಳು,
ಗಿರಿಜಾ