ಒಂದು ಚಮಚ ಎಣ್ಣೆ

ಮಾರ್ಚ್ 3, ಸೋಮವಾರ

ಪೋಸ್ಟ್‌ಮಾಸ್ಟರರ ಹಳೆಯ ಬೈಕು ಮತ್ತೆ ಬಂತು. ಕಿಕ್ ಒದ್ದರೆ ಕಾಲಿಗೆ ತಡೆಯೇ ಇಲ್ಲ. ಹತ್ತಿ ಮೂಟೆ ತುಳಿದ ಹಾಗೆ. ಪ್ಲಗ್ ಬಿಚ್ಚಿ, ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದೆ. ಇಂಜಿನ್ ಬಿಸಿ, ಆಕ್ಸಿಲರೇಟರ್ ಪೂರ್ತಿ ತೆರೆದು, ಎಂಟು ಕಿಕ್. ಅರವತ್ತು ಪೌಂಡ್. ನೂರಹತ್ತು ಇರಬೇಕಿತ್ತು. ಎರಡನೆಯ ಸಲವೂ ಅರವತ್ತು.

ಈ ಇಂಜಿನ್ ಬಿಚ್ಚಿ ಕಟ್ಟಿ ಇನ್ನೂ ಇಪ್ಪತ್ತೆರಡು ದಿನ. ಮಾವ ಬದುಕಿದ್ದಾಗಿನಿಂದ ಈ ವರ್ಕ್‌ಶಾಪಿನ ಪದ್ಧತಿ — ಇಂಜಿನ್ನಿನ ಕೆಳಭಾಗ ಒಬ್ಬನಿಗೆ, ಮೇಲ್ಭಾಗ ಇನ್ನೊಬ್ಬನಿಗೆ. ಒಬ್ಬರ ಕೆಲಸ ಇನ್ನೊಬ್ಬರು ಮುಟ್ಟುವಂತಿಲ್ಲ. ಪಿಸ್ಟನ್, ರಿಂಗ್ ಕೂರಿಸಿದ್ದು ಭಾವಮೈದುನ. ಹೆಡ್, ವಾಲ್ವು ನನ್ನದು.

"ರಿಂಗ್ ಹೋಗಿದೆ," ಎಂದೆ.

"ರಿಂಗ್ ಹೋಗಿಲ್ಲ ಭಾವ. ನಾನೇ ಕೂರಿಸಿದ್ದು."

"ಅದಕ್ಕೇ ಹೋಗಿದೆ."

ಪೋಸ್ಟ್‌ಮಾಸ್ಟರ್ ನಕ್ಕರು. "ನಿಮ್ಮಿಬ್ಬರ ಜಗಳ ಮುಗಿಯೋದ್ರೊಳಗೆ ನನ್ನ ಗಾಡಿ ಗುಜರಿ ಸೇರುತ್ತೆ ಕಣ್ರಯ್ಯ."

"ಗುಜರಿಯವನೂ ವಾಪಸ್ ಕಳಿಸ್ತಾನೆ ಸಾರ್." ಭಾವಮೈದುನ ನನ್ನ ಕಡೆ ತಿರುಗಿ ದನಿ ಇಳಿಸಿದ. "ಒಂದು ಚಮಚ ಎಣ್ಣೆ ಹಾಕಿ ನೋಡಿ ಭಾವ. ಆಮೇಲೆ ಬೈಯಿರಿ."

ಪ್ಲಗ್ಗಿನ ತೂತಿನಲ್ಲಿ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಮುಳ್ಳು ಏರಿದರೆ ತಪ್ಪು ರಿಂಗಿನದು. ಏರದಿದ್ದರೆ ವಾಲ್ವಿನದು. ಹದಿನಾರು ವರ್ಷದಿಂದ ಗೊತ್ತು. ನನಗೇ ಪಾಠ ಹೇಳುತ್ತಾನೆ, ಅದೂ ಗಿರಾಕಿಯ ಎದುರು... ಎಣ್ಣೆ ಡಬ್ಬಿ ಹಿಡಿದು ಕೈ ಚಾಚಿದ. ನನ್ನ ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು. ಹೊಡೆದೆ. ಬೆಂಚಿನ ಅಂಚಿಗೂ ಸ್ಪ್ಯಾನರಿಗೂ ನಡುವೆ ಅವನ ಬೆರಳು ಸಿಕ್ಕಿದವು. ಮತ್ತೆ ಹೊಡೆದೆ. ಮೊದಲನೆಯದು ಸಿಟ್ಟು. ಎರಡನೆಯದಕ್ಕೆ ಹೆಸರು ಗೊತ್ತಿಲ್ಲ.

ಅವನು ಕೂಗಲಿಲ್ಲ. ಪೋಸ್ಟ್‌ಮಾಸ್ಟರ್ ಕೂಗಿದರು.

ಮಾರ್ಚ್ 4

ಬಲಗೈ. ನಡುಬೆರಳು, ಉಂಗುರದ ಬೆರಳು — ಎರಡೂ ಪುಡಿ. ತಂತಿ ಹಾಕಿ ಕಟ್ಟಿದ್ದಾರೆ. ಮತ್ತೆ ಸ್ಪ್ಯಾನರ್ ಹಿಡಿಯುವುದು ಅನುಮಾನ ಎಂದರು ಡಾಕ್ಟರ್.

ಆಸ್ಪತ್ರೆಯ ಮೆಟ್ಟಿಲ ಮೇಲೆ ಹೆಂಡತಿ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಅಪ್ಪ ಮೊದಲು ಎಣ್ಣೆ ಹಾಕಿ ನೋಡೋರು. ನೀವು ಹಾಕಿದ್ರಾ?"

"ಹಾಕಿದೆ."

"ಏರಿತಾ?"

"ಏರಿತು. ನೂರಕ್ಕೆ."

ಇಷ್ಟು ಸಲೀಸಾಗಿ ಬಾಯಿಗೆ ಬಂತು.

ಅವಳು ನೆಟ್ಟಗೆ ವಾರ್ಡಿಗೆ ಹೋಗಿ ತಮ್ಮನ ಕೆನ್ನೆಗೆ ಬಾರಿಸಿದಳು. "ಮಾಡೋದು ಅರೆಬರೆ ಕೆಲಸ, ಮೇಲೆ ಇವರಿಗೇ ಬುದ್ಧಿ ಹೇಳ್ತೀಯಾ? ಅಪ್ಪನ ಹೆಸರಿಗೆ ಮಸಿ ಬಳಿದೆಯಲ್ಲೋ." ಇನ್ನೊಂದು ಏಟು. ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಅವನು ನನ್ನನ್ನೇ ನೋಡುತ್ತಿದ್ದ. ನಾನು ಮಂಚದ ಕಾಲ ಬಳಿ ನಿಂತಿದ್ದೆ. ನರ್ಸ್ ಬಂದು ಇಬ್ಬರನ್ನೂ ಹೊರಗೆ ಹಾಕಿದರು.

ಮಾರ್ಚ್ 6, ಮಧ್ಯಾಹ್ನ 2

ಶಟರ್ ಎಳೆದುಕೊಂಡು ಒಬ್ಬನೇ ನೋಡಿದೆ.

ಎಣ್ಣೆಗೆ ಮುಂಚೆ ಅರವತ್ತು. ಎಣ್ಣೆಯ ನಂತರ ಅರವತ್ತೆರಡು. ಮೂರು ಸಲ.

ಪ್ಲಗ್ಗಿನ ತೂತಿನಿಂದ ಪಂಪಿನಲ್ಲಿ ಗಾಳಿ ತುಂಬಿಸಿದೆ. ಸೈಲೆನ್ಸರಿನ ಬಾಯಿಗೆ ಕಿವಿ ಇಟ್ಟೆ. ಉಸ್ ಎನ್ನುತ್ತಿದೆ. ಎಕ್ಸಾಸ್ಟ್ ವಾಲ್ವು ಮುಚ್ಚಿಕೊಳ್ಳುತ್ತಿಲ್ಲ. ಟ್ಯಾಪೆಟ್ ಮುಚ್ಚಳ ತೆಗೆದೆ. ಟ್ಯಾಪೆಟ್ಟಿಗೂ ವಾಲ್ವಿಗೂ ನಡುವಿನ ಸಂದಿಯಲ್ಲಿ ಕೂದಲೆಳೆಯಷ್ಟಾದರೂ ಜಾಗ ಬೇಕು, ಇಲ್ಲದಿದ್ದರೆ ವಾಲ್ವು ಪೂರ್ತಿ ಕೂರುವುದಿಲ್ಲ. ಅಲ್ಲಿ ಸಂದಿ ಅಳೆಯುವ ಅತಿ ತೆಳುವಾದ ಬ್ಲೇಡೂ ತೂರುವುದಿಲ್ಲ. ಹೆಡ್ ಇಳಿಸಿದೆ. ವಾಲ್ವಿನ ಅಂಚು ಸುಟ್ಟು ತುಂಡಾಗಿದೆ.

ಆ ದಿನ ನೆನಪಿದೆ. ಸಂದಿ ಸರಿಯಾಗಿ ಇಟ್ಟೆ. ನಟ್ಟು ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗಿಬಿಡುತ್ತದೆ; ಬಿಗಿದ ಮೇಲೆ ಇನ್ನೊಮ್ಮೆ ಬ್ಲೇಡ್ ಹಾಕಿ ನೋಡಬೇಕು. ಯಾವಾಗಲೂ ನೋಡುತ್ತೇನೆ. ಅವತ್ತು ಮೇಲೆ ಮನೆಯಲ್ಲಿ ಒಂದು ಕಾದಂಬರಿ ಕಾಯುತ್ತಿತ್ತು, ದೂರದ ಯಾವುದೋ ಭಾಷೆಯಿಂದ ಬಂದದ್ದು. ನಲವತ್ತು ಪುಟ ಉಳಿದಿತ್ತು. ಮುಚ್ಚಳ ಹಾಕಿ ಹತ್ತಿಬಿಟ್ಟೆ.

ರಿಂಗುಗಳನ್ನೂ ನೋಡಿದೆ. ಹುಡುಕಿದರೂ ತಪ್ಪಿಲ್ಲ.

ಮಾರ್ಚ್ 7

ಹೇಳಲಿಲ್ಲ.

ಮಾರ್ಚ್ 15, ಶನಿವಾರ

ಭಾವಮೈದುನ ತನ್ನ ಸಾಮಾನು ಒಯ್ಯಲು ಬಂದ. ಅಕ್ಕ ಅವನನ್ನು ಬೇಡವೆಂದಿದ್ದಾಳೆ: ವರ್ಕ್‌ಶಾಪಿಗೂ, ಮನೆಗೂ. ನಾನು ಬೇಡವೆನ್ನಲಿಲ್ಲ.

"ನೂರಕ್ಕೆ ಏರಿತು ಅಂದ್ರಂತೆ," ಎಂದ.

"ತಗೊಂಡು ಹೊರಡು."

ಗೋಡೆಯಲ್ಲಿ ನೇತಾಡುತ್ತಿದ್ದ ಚೈನು ಎಳೆದು ಎಡಗೈಯಲ್ಲಿ ಬೀಸಿದ. ಅಭ್ಯಾಸವಿಲ್ಲದ ಕೈ, ಮುಖಕ್ಕೆ ಬರಬೇಕಾದದ್ದು ನನ್ನ ಕಿವಿ ಹರಿಯಿತು. ಅವನನ್ನು ಕೆಡವಿ ಗಂಟಲ ಮೇಲೆ ಮೊಣಕಾಲು ಊರಿದೆ. ಕಟ್ಟು ಹಾಕಿದ ಕೈಯನ್ನು ಹಿಡಿದು ಹಿಂಡಿದೆ. ತಿಳಿದೇ ಹಿಂಡಿದೆ. ಬ್ಯಾಂಡೇಜು ಕೆಂಪಾಗುವವರೆಗೆ. ಅವನ ಕಣ್ಣು ಮೇಲಕ್ಕೆ ಹೋದಾಗ ಬಿಟ್ಟೆ. ಕೊಲ್ಲಲು ಇನ್ನೆಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕುತ್ತಿದ್ದೆ ಎಂಬುದನ್ನೂ ಬರೆಯಬೇಕು.

ಕೆಮ್ಮಿ, ಉಗಿದು, ಗೋಡೆಗೆ ಒರಗಿ ಕೂತ.

"ನೀವು ಮೊದಲನೇ ಕಿಕ್ ಒದ್ದಾಗಲೇ ಸೈಲೆನ್ಸರ್‌ನಲ್ಲಿ ಉಸ್ ಅಂತು. ವಾಲ್ವು ಅಂತ ಅಲ್ಲೇ ಗೊತ್ತಾಯ್ತು."

"ಹೇಳಬಹುದಿತ್ತಲ್ಲ."

"ಪೋಸ್ಟ್‌ಮಾಸ್ಟರ್ ಮುಂದೆನಾ? ನೀವೇ ಕಂಡುಕೊಳ್ಳಲಿ ಅಂತ ಎಣ್ಣೆ ಕೊಟ್ಟೆ ಭಾವ."

ಮತ್ತೆ ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು. 'ಭಾವ' ಎಂದ.

"ಅಕ್ಕನಿಗೆ ನೀವೇ ಹೇಳಿ. ನಾನು ಹೇಳಿದ್ರೆ ಅವಳು ನಂಬಲ್ಲ. ನನಗೆ ಈ ಬೆರಳು ಹೋದ್ರೆ ಹೋಗ್ಲಿ." ಚೀಲ ಎತ್ತಲು ಎರಡು ಸಲ ಯತ್ನಿಸಿದ. ಆಗಲಿಲ್ಲ. ಬಿಟ್ಟು ಹೋದ.

ಮಾರ್ಚ್ 16, ಭಾನುವಾರ, ಬೆಳಿಗ್ಗೆ 8

ಹೇಳಿದೆ. ಕ್ರಮವಾಗಿ: ನಟ್ಟು, ನಲವತ್ತು ಪುಟ, ಅರವತ್ತು, ಅರವತ್ತೆರಡು, ನೂರು ಎಂಬ ಸುಳ್ಳು, ನಿನ್ನೆ ಹಿಂಡಿದ ಕೈ. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಕೊನೆಯವರೆಗೂ ಮಡಚಿದಳು.

"ಆಸ್ಪತ್ರೇಲಿ ನಾನು ಅವನಿಗೆ ಹೊಡೆದಾಗ ನೀವು ಅಲ್ಲೇ ಇದ್ರಿ."

"ಇದ್ದೆ."

"ನೋಡ್ತಾ ನಿಂತಿದ್ರಿ."

"ಹೌದು."

"ಎರಡನೇ ಏಟಿಗೂ."

"ಹೌದು."

ಬಟ್ಟೆಯನ್ನು ಬೀರುವಿನೊಳಗೆ ಇಟ್ಟಳು. ವರ್ಕ್‌ಶಾಪಿನ ಬೀಗದ ಕೈ ತೆಗೆದುಕೊಂಡು ಇಳಿದು ಹೋದಳು.

8.20

ಶಟರ್ ಎತ್ತಿದ ಸದ್ದು. ಆಮೇಲೆ ಸುತ್ತಿಗೆ. ದೊಡ್ಡದೇ ಇರಬೇಕು. ಮೊದಲು ಗಾಜು: ಗೇಜ್. ನಂತರ ಅಲ್ಯೂಮಿನಿಯಂ — ಹೆಡ್, ನನ್ನ ಹೆಡ್. ಬೀಡುಕಬ್ಬಿಣದ ಸದ್ದು ಹೀಗಿರುವುದಿಲ್ಲ. ಆಮೇಲೆ ಯಾವುದೆಂದು ತಿಳಿಯುವುದಿಲ್ಲ, ಎಲ್ಲವೂ ಸೇರಿಹೋಗಿವೆ. ಅವಳ ದನಿ ಮಾತ್ರ ಇಲ್ಲ. ಬೀದಿಯಲ್ಲಿ ಜನ ಸೇರಿದ್ದಾರೆ. ಪಕ್ಕದ ಟೈಲರ್ "ಏನಮ್ಮ, ಏನಾಯ್ತಮ್ಮ" ಎನ್ನುತ್ತಿದ್ದಾನೆ. ಹತ್ತಿರ ಹೋಗುವ ಧೈರ್ಯ ಅವನಿಗೂ ಇಲ್ಲ.

8.35

ನಿಂತಿತು.

ಮೆಟ್ಟಿಲು ಹತ್ತುತ್ತಿದ್ದಾಳೆ. ಬರಿಗೈಯಲ್ಲಿ ಅಲ್ಲ — ಒಂದೊಂದು ಮೆಟ್ಟಿಲಿಗೂ ಕಬ್ಬಿಣ ತಾಗುತ್ತಿದೆ. ಹದಿನಾಲ್ಕು ಮೆಟ್ಟಿಲು. ಆರಾಯಿತು. ಬಾಗಿಲಿಗೆ ಚಿಲಕ ಹಾಕಿಲ್ಲ. ಎದ್ದು ನಿಲ್ಲಬೇಕೋ, ಕೂತೇ ಇರಬೇಕೋ... ಹತ್ತು. ಕೂತೇ