ಐಗಳಿಗೆ ಹೋದ ಸಿಲಿಂಡರ್

ರಾಯಬಾಗ, ನವೆಂಬರ್ ೧೨, ಮಂಗಳವಾರ

ಅವ್ವನಿಗೆ ಮತ್ತೆ ದಮ್ಮು ಎದ್ದಿದೆ. ಅದಕ್ಕೇ ಬೆಳಗಿನ ತಮಾಷೆ ತಲೆಯಿಂದ ಇಳಿಯುತ್ತಿಲ್ಲ.

ಇಂದು ನಮ್ಮ ಡಾಕ್ಟರ್ ಸಿದ್ದಲಿಂಗರ ದವಾಖಾನೆಗೆ ತಪಾಸಣೆಯ ಸಾಹೇಬರು ದಯಮಾಡಿಸಿದ್ದರು. ಅವರನ್ನು ಎದುರುಗೊಂಡವರು ಶ್ರೀಮಾನ್ ಆಕ್ಸಿಜನ್ ಸಿಲಿಂಡರ್: ಮೈಗೆ ಹೊಸ ಬಣ್ಣ, ಹಣೆಗೆ ದಸರೆಯ ಖಂಡೇಪೂಜೆಯ ಕುಂಕುಮ. ಸಾಹೇಬರು ಬೆರಳಿನಿಂದ ತಟ್ಟಿ ನೋಡಿ, ಚಹಾ ಕುಡಿದು, ಸಹಿ ಹಾಕಿದರು. ಅವರ ಜೀಪು ಮರೆಯಾಗುವಷ್ಟರಲ್ಲಿ ಸಿಲಿಂಡರ್ ಟಂಟಂ ಗಾಡಿ ಹತ್ತಿತ್ತು.

“ಎಲ್ಲಿಗ್ರಿ ಸಿಸ್ಟರ್, ಇವರ ಸವಾರಿ?” ಎಂದೆ.

“ಐಗಳಿ ಊರಿಗ್ರಿ ಕಾಕಾ. ನಾಳೆ ಅಲ್ಲಿ ತಪಾಸಣಿ ಐತಿ. ಸುತ್ತಲಿನ ನಾಕೂ ದವಾಖಾನಿಗೆ ಇದೊಂದ ನೋಡ್ರಿ,” ಎಂದಳು ನರ್ಸ್ ಶುಭಾಂಗಿ.

“ಒಳಗ ಗಾಳಿ ಐತೇನು?”

“ಯಾರಿಗ್ಗೊತ್ರಿ? ಇವತ್ತಿನ ತನಕ ಯಾರೂ ವಾಲ್ವ್ ತಿರುವಿ ನೋಡಿಲ್ಲ.”

ಹೊಟ್ಟೆ ಹಿಡಿದುಕೊಂಡು ನಕ್ಕೆ. ಪತ್ರಿಕೆಗೆ ನಾನು ಬರೆಯುವ ಭಾನುವಾರದ ಅಂಕಣಕ್ಕೆ ತಲೆಬರಹವೂ ಹೊಳೆಯಿತು.

ಸಂಜೆ ಅವ್ವನನ್ನು ಅಲ್ಲಿಗೇ ಒಯ್ದೆ. ಡಾಕ್ಟರು ಗುಳಿಗೆ ಕೊಟ್ಟು, “ರಾತ್ರಿ ಜಾಸ್ತಿ ಆತಂದ್ರ ಕರಕೊಂಡ ಬರ್ರಿ, ಆಕ್ಸಿಜನ್ ಹಚ್ಚೂಣು,” ಅಂದವರೇ ಖಾಲಿ ಮೂಲೆಯ ಕಡೆ ನೋಡಿದರು. ನಾನೂ ನೋಡಿದೆ. ಇಬ್ಬರೂ ನಗಲಿಲ್ಲ.

ಈಗ ರಾತ್ರಿ, ಒಳಕೋಣೆಯಲ್ಲಿ ಅವ್ವನ ಕೆಮ್ಮು ನಿಂತಿದೆ. ನಿದ್ದೆ ಹತ್ತಿರಬೇಕು. ನಿದ್ದೆಯೇ ಇರಬೇಕು. ಎದ್ದು ಹೋಗಿ ನೋಡಿದರೆ ತಿಳಿಯುತ್ತದೆ, ಆದರೆ ಪೆನ್ನು ಕೆಳಗಿಡದೆ ಬರೆಯುತ್ತಲೇ ಇದ್ದೇನೆ.